ಆರಿದ ಒಲೆಯ ವಾಸನೆ

ಇದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಂಬದೇ ಇರಲು ನಾನೇ ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಆದರೆ ನಡೆದದ್ದು ನಿಜ. ನಾನು ರಸಾಯನಶಾಸ್ತ್ರ ಓದಿದವಳು. ವಾಸನೆ ಬಂದರೆ ಅದು ಬರಲು ಎಲ್ಲಿಯೋ ಒಂದು ವಸ್ತು ಇರಲೇಬೇಕು ಎಂದು ಕಲಿತವಳು. ಆ ರಾತ್ರಿ ಅಂಥ ವಸ್ತು ಎಲ್ಲಿಯೂ ಇರಲಿಲ್ಲ...

ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರಕ್ಕೆ ಹತ್ತಿರದ ಊರು. ಮನೆಯ ಹಿಂದೆ ಅಪ್ಪನ ಶೆಡ್ಡು. ರೇಷ್ಮೆ ಗೂಡುಗಳನ್ನು ಕುದಿಯುವ ನೀರಿನಲ್ಲಿ ಬೇಯಿಸಿ ನೂಲು ತೆಗೆಯುವುದು ಅವರ ಕಸುಬು. ಒಳಗಿನ ಹುಳು ಬದುಕಿರುವಾಗಲೇ ಗೂಡು ನೀರಿಗೆ ಬೀಳಬೇಕು. ತಡವಾದರೆ ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದುಕೊಂಡು ಹೊರಬರುತ್ತದೆ, ನೂಲು ತುಂಡಾಗುತ್ತದೆ. ಬೆಂದ ಹುಳುವಿನ ಆ ವಾಸನೆ ನಮ್ಮ ಬಟ್ಟೆ, ತಲೆದಿಂಬು, ಪುಸ್ತಕಗಳಲ್ಲೆಲ್ಲ ಇರುತ್ತಿತ್ತು. ಕಾಲೇಜಿನ ಬಸ್ಸಿನಲ್ಲಿ ನಾನು ಯಾವಾಗಲೂ ಕಿಟಕಿಯ ಪಕ್ಕವೇ ಕೂರುತ್ತಿದ್ದೆ.

ಅಕ್ಕ ಸವಿತಾಳಿಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದರಲ್ಲಿ ಏಳು ತಿಂಗಳು ತುಂಬಿದಾಗ ಅವಳನ್ನು ಕರೆತಂದೆವು. ಅವಳು ಹೊಸ್ತಿಲು ದಾಟುವ ಮೊದಲೇ ಅಜ್ಜಿ ಅಪ್ಪನಿಗೆ ಹೇಳಿಬಿಟ್ಟಿದ್ದರು. ಬಸುರಿ ಇರುವ ಮನೆಯಲ್ಲಿ ಜೀವ ತೆಗೆಯಬಾರದು, ಹೆರಿಗೆಯಾಗುವವರೆಗೆ ಒಲೆ ಹಚ್ಚಬೇಡ ಎಂದು. ಅಪ್ಪ ಎದುರಾಡಲಿಲ್ಲ. ಒಲೆಯ ಬೂದಿ ತೆಗೆದು, ಗೂಡು ಬೇಯಿಸುವ ಬಾಂಡಲೆ ಬೋರಲು ಹಾಕಿ, ಶೆಡ್ಡಿಗೆ ಬೀಗ ಹಾಕಿದರು.

ಎರಡು ಸಲ ಬರಿಗೈಯಲ್ಲಿ ಆಸ್ಪತ್ರೆಯಿಂದ ಬಂದ ಅಕ್ಕನ ಮುಖ ನೋಡಿದವರು ಯಾರೂ ವಾದ ಮಾಡುವುದಿಲ್ಲ.

ಅಕ್ಕ ಬಂದು ಹತ್ತು ದಿನವಾಗಿತ್ತು. ಆ ದಿನ ಅಪ್ಪ ಅಮ್ಮ ಹರಕೆ ಹೊತ್ತು ಶಿವಗಂಗೆ ಬೆಟ್ಟಕ್ಕೆ ಹೋಗಿದ್ದರು. ಅಲ್ಲಿ ಒಳಕಲ್ಲು ತೀರ್ಥವಿದೆ. ಬಂಡೆಯ ಕುಳಿಯೊಳಗೆ ಕೈ ಇಳಿಸಿದರೆ ಪುಣ್ಯವಿದ್ದವರಿಗೆ ನೀರು ಸಿಗುತ್ತದೆ, ಕರ್ಮ ಕಳೆಯದವರಿಗೆ ಸಿಗುವುದಿಲ್ಲ ಎನ್ನುತ್ತಾರೆ. ಸಂಜೆ ಅಮ್ಮನ ಫೋನು ಬಂತು. ನೀರು ಸಿಗಲಿಲ್ಲ ಎಂದರು. ಅಲ್ಲೇ ಉಳಿದು ಬೆಳಿಗ್ಗೆ ಇನ್ನೊಮ್ಮೆ ಹತ್ತುತ್ತೇವೆ, ಅಕ್ಕನಿಗೆ ಹೇಳಬೇಡ ಎಂದರು.

ನಾನು ಹೇಳಲಿಲ್ಲ. ಆದರೆ ಫೋನು ಇಟ್ಟಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಊಟವಾಯಿತು. ಅಜ್ಜಿ ನಡುಮನೆಯಲ್ಲಿ ಮಲಗಿದರು. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಇವನು ನಿನ್ ಥರಾನೇ ಕಣೇ. ಎಷ್ಟು ಕರೆದ್ರೂ ಮಾತಾಡಲ್ಲ," ಎಂದಳು ನಗುತ್ತ.

ಯಾವಾಗಿನಿಂದ ಎಂದು ಕೇಳಿದೆ. ನಗು ನಿಂತಿತು. ಮಧ್ಯಾಹ್ನದಿಂದ ಸರಿಯಾಗಿ ಅಲ್ಲಾಡಿಲ್ಲವಂತೆ. ಹೇಳಿದರೆ ಎಲ್ಲರೂ ಹೆದರುತ್ತಾರೆಂದು ಹೇಳಿರಲಿಲ್ಲವಂತೆ...

ಎಡಮಗ್ಗುಲಿಗೆ ಮಲಗಿಸಿದೆ. ಸಕ್ಕರೆ ನೀರು ಕುಡಿಸಿದೆ. ಹೊಟ್ಟೆಗೆ ಅಂಗೈ ಒತ್ತಿ ಕಾದೆ. ಏನೂ ಇಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರೆ ಹತ್ತಿರದಲ್ಲಿ ಗಾಡಿಯಿಲ್ಲ ಎಂದರು. ಊರಿನ ಕಾರಿನ ಸೀನಣ್ಣನಿಗೆ ಮಾಡಿದೆ. ಬಾಡಿಗೆಗೆ ಹೊಸಕೋಟೆಗೆ ಹೋಗಿದ್ದವನು, ಈಗಲೇ ತಿರುಗಿಸುತ್ತೇನೆ, ಬಾಗಿಲಲ್ಲೇ ಇರಿ ಎಂದ. ಭಾವನಿಗೂ ತಿಳಿಸಿದೆ, ಅವರು ನೇರ ಆಸ್ಪತ್ರೆಗೆ ಬರುವುದೆಂದಾಯಿತು. ಎದ್ದು ಕೂತ ಅಜ್ಜಿ ನನ್ನನ್ನೇ ನೋಡಿ, "ಅಷ್ಟೆಲ್ಲಾ ಓದ್ದೋಳು, ಏನಾದ್ರೂ ಮಾಡೇ ತಾಯಿ," ಎಂದರು. ಮಾಡಲು ಏನೂ ಇರಲಿಲ್ಲ. ಕಾಯಬೇಕಿತ್ತು.

ಆಗ ಬಂತು ಆ ವಾಸನೆ.

ಮೊದಲು ಸಣ್ಣಗೆ... ಆಮೇಲೆ ಗಂಟಲು ಹಿಡಿಯುವಷ್ಟು. ಬೆಂದ ಹುಳುವಿನ ವಾಸನೆ. ಹಳೆಯದಲ್ಲ, ಈಗಷ್ಟೇ ಮುಚ್ಚಳ ತೆಗೆದಂತೆ ಬಿಸಿಯಾಗಿತ್ತು. ಅದರ ಹಿಂದೆಯೇ ಗಳಗಳ ಎಂದು ನೀರು ಕುದಿಯುವ ಸದ್ದು. ಹಿತ್ತಲಿನಿಂದ.

ನನ್ನ ಭ್ರಮೆ ಎಂದುಕೊಳ್ಳಲು ಅಜ್ಜಿ ಬಿಡಲಿಲ್ಲ. "ಒಲೆ ಹಚ್ಚಿದೋರು ಯಾರೇ?" ಎಂದು ಪಿಸುಗುಟ್ಟಿದರು.

ಅಕ್ಕ ಎದ್ದು ನಿಂತಿದ್ದಳು. ಬೇಡ ಎಂದು ಭುಜ ಹಿಡಿದೆ. ಆ ಮೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಕೊಸರಿಕೊಂಡು ಗೂಟದಲ್ಲಿದ್ದ ಬೀಗದ ಕೈ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಬಿದ್ದಾಳು ಎಂದು ಮೊಬೈಲಿನ ಬೆಳಕು ಹಿಡಿದು ಹಿಂದೆಯೇ ಓಡಿದೆ.

ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆರೆದೆವು. ಸದ್ದು ನಿಂತಿತು.

ಒಳಗೆ ಒಲೆ ತಣ್ಣಗಿತ್ತು. ಒಲೆಯ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು, ಅದು ಹರಿದಿರಲಿಲ್ಲ. ಬಾಂಡಲೆ ಬೋರಲಾಗಿಯೇ ಇತ್ತು. ಅದರ ಮೇಲೆ ಧೂಳು. ನಾನು ಮುಟ್ಟಿ ನೋಡಿದೆ... ಕೈ ಹಿಂದಕ್ಕೆಳೆದುಕೊಂಡೆ. ಸುಡುತ್ತಿತ್ತು.

ಅಜ್ಜಿ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು. ಅಲ್ಲೇ ಕುಸಿದು ಕೂತು, ನಮಗೆ ಗೊತ್ತಿಲ್ಲದ ಸಂಗತಿ ಹೇಳಿದರು. ಅಕ್ಕ ಬರುವ ಹಿಂದಿನ ದಿನ ಅಪ್ಪ ಮಾರ್ಕೆಟ್ಟಿನಿಂದ ಗೂಡು ತಂದಿದ್ದರಂತೆ. ಒಲೆ ಹಚ್ಚುವಂತಿಲ್ಲ, ಬಿಟ್ಟರೆ ಚಿಟ್ಟೆ ಹಾರುತ್ತದೆ. ಅಕ್ಕ ಬಂದ ಮರುದಿನ ಬೆಳಕು ಹರಿಯುವ ಮೊದಲೇ ಚೀಲಗಳನ್ನು ಸ್ಕೂಟರಿನಲ್ಲಿಟ್ಟುಕೊಂಡು, ಬೀದಿಯ ಕೊನೆಯ ನಂಜಪ್ಪಣ್ಣನ ಶೆಡ್ಡಿಗೆ ಕೊಟ್ಟು ಬೇಯಿಸಿಕೊಂಡು ಬಂದರಂತೆ. ನಮ್ಮ ಒಲೆಯಲ್ಲಿ ಬೇಯದಿದ್ದರೆ ಪಾಪ ನಮ್ಮ ಮನೆಗೆ ಬರುವುದಿಲ್ಲ ಎಂದು ಅವರ ಲೆಕ್ಕ.

"ನಾನಂದೆ ಕಣವ್ವಾ," ಎಂದರು ಅಜ್ಜಿ. "ಒಲೆ ಯಾರ್ದಾದ್ರೇನಪ್ಪಾ, ಗೂಡು ಕೊಂಡ ಕೈ ನಿಂದೇ ತಾನೇ ಅಂದೆ. ಕೇಳ್ಲಿಲ್ಲ."

ಅಕ್ಕ ಒಲೆಯ ಮುಂದೆ ಮಂಡಿಯೂರಿದಳು. ಅಳಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ ಎಂಬಂತೆ ತಗ್ಗಿದ ದನಿಯಲ್ಲಿ ಮಾತಾಡಿದಳು. ಅಜ್ಜಿಗೆ ಕೇಳಿಸಿರಲಾರದು. ನನಗೆ ಕೇಳಿಸಿತು.

"ಈ ಒಲೆ ಆರಿದೆ. ನೋಡಿ, ತಣ್ಣಗಿದೆ. ನೀವು ಬೆಂದಿದ್ದು ಇಲ್ಲಲ್ಲ. ಬೇಯಿಸಿದ ಮನೆಗೆ ಹೋಗಿ. ನನ್ ಮಗೂನ ಬಿಟ್ಟು ಅಲ್ಲಿಗೋಗಿ."

ಅಕ್ಕ ಅಂಥವಳಲ್ಲ. ಇರುವೆ ಸಾಲು ಕಂಡರೆ ಸುತ್ತಿಕೊಂಡು ಹೋಗುವವಳು.

ವಾಸನೆ ಹೋಯಿತು. ಮೆಲ್ಲಗೆ ಕಡಿಮೆಯಾಗಲಿಲ್ಲ, ಬಾಗಿಲು ಹಾಕಿದಂತೆ ಒಮ್ಮೆಲೇ ಹೋಯಿತು. ವಾಸನೆ ಹಾಗೆ ಹೋಗುವುದಿಲ್ಲ. ಬೋರಲು ಬಾಂಡಲೆಯ ಮೇಲೆ ಮತ್ತೆ ಕೈಯಿಟ್ಟೆ. ಬರೀ ತಣ್ಣನೆಯ ಕಬ್ಬಿಣ. ಅಕ್ಕ ನನ್ನ ಅದೇ ಕೈ ಹಿಡಿದು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಒಳಗಿನಿಂದ ಒಂದು ಒದೆ... ಮತ್ತೊಂದು.

ಮನೆಯ ಮುಂದೆ ಕಾರಿನ ಹಾರನ್ ಕೇಳಿಸಿತು.

ಆಸ್ಪತ್ರೆಯಲ್ಲಿ ಮಗುವಿನ ಎದೆಬಡಿತ ನೋಡಿದ ಡಾಕ್ಟರು ತಡಮಾಡದೆ ಆಪರೇಷನ್ ಮಾಡಿದರು. ಅಂಗೈಯಷ್ಟು ಗಂಡುಮಗು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಬದುಕಿತು. ಬೆಟ್ಟದಿಂದ ನೇರ ಅಲ್ಲಿಗೇ ಬಂದ ಅಮ್ಮ ಹರಕೆ ಫಲಿಸಿತು ಎಂದು ಎಲ್ಲರಿಗೂ ಹೇಳಿದರು.

ನಂಜಪ್ಪಣ್ಣನ ಮನೆಯ ಸುದ್ದಿ ಆಮೇಲೆ ತಿಳಿಯಿತು. ಅವರ ಸೊಸೆ ರೂಪಳಿಗೆ ಮೂರು ತಿಂಗಳಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲವಂತೆ. ಅದೇ ರಾತ್ರಿ ಹೊಟ್ಟೆನೋವೆಂದು ಎದ್ದವಳಿಗೆ ಬಸಿರು ಇಳಿದುಹೋಯಿತು. ವಾಸನೆ ಅಲ್ಲಿಂದಲೇ ಬಂದಿರಬಹುದೆಂದು, ಆ ರಾತ್ರಿ ಅವರ ಶೆಡ್ಡಿನಲ್ಲಿ ಒಲೆ ಹಚ್ಚಿದ್ದರೇ ಎಂದು ನಾನು ಏನೋ ನೆಪ ಮಾಡಿ ಕೇಳಿದೆ. ಕರೆಂಟಿರಲಿಲ್ಲ, ಕೆಲಸವೇ ಇರಲಿಲ್ಲ ಎಂದರು.

ಮೊದಲ ತಿಂಗಳುಗಳಲ್ಲಿ ಎಷ್ಟೋ ಬಸಿರು ನಿಲ್ಲುವುದಿಲ್ಲ. ಕಾರಣ ಕರ್ಮವಲ್ಲ, ಹೆಚ್ಚಾಗಿ ಭ್ರೂಣದ ದೋಷ. ಇದನ್ನು ನಾನು ಓದಿದ್ದೇನೆ. ನಡುರಾತ್ರಿ ಎಚ್ಚರವಾದಾಗಲೆಲ್ಲ ಇದನ್ನೇ ಹೇಳಿಕೊಳ್ಳುತ್ತೇನೆ.

ಅಕ್ಕ ಒಲೆಯ ಮುಂದೆ ಆಡಿದ ಮಾತನ್ನು ನಾವಿಬ್ಬರೂ ಎತ್ತಿಲ್ಲ. ನಾನು ಕೇಳಿಸಿಕೊಂಡೆ ಎಂಬುದು ಅವಳಿಗೆ ಗೊತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಮಗುವಿಗೆ ಹೆಸರಿಟ್ಟ ಮೇಲೆ ಒಂದು ಮಧ್ಯಾಹ್ನ ರೂಪ ಬಂದಳು. ಬಿಸ್ಕತ್ತು, ಪುಟ್ಟದೊಂದು ಟೋಪಿ ತಂದಿದ್ದಳು. ಅಳುತ್ತಿದ್ದ ಮಗುವನ್ನು ಎತ್ತಿಕೊಂಡಳು. ಅವಳ ಕೈಗೆ ಹೋದ ಕೂಡಲೇ ಅದು ಸುಮ್ಮನಾಯಿತು. ಕಣ್ಣು ಮಿಟುಕಿಸದೆ ಅವಳನ್ನೇ ನೋಡತೊಡಗಿತು.

"ಅಯ್ಯೋ, ನನ್ನ ಗುರುತು ಹಿಡಿದಂಗೇ ನೋಡ್ತಾನಲ್ಲಕ್ಕಾ," ಎಂದು ರೂಪ ನಕ್ಕಳು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾನು ತಂದ ಟೋಪಿ ತೊಡಿಸಿದಳು. ಆಮೇಲೆ ತಲೆಯೆತ್ತದೆಯೇ ಕೇಳಿದಳು.

"ನಿಮಗೂ ಎರಡು ಹೋಗಿತ್ತಲ್ವಾ ಅಕ್ಕಾ... ಈ ಸಲ ಏನ್ ಮಾಡಿದ್ರಿ? ಯಾವ ದೇವರಿಗೆ ಏನಂತ ಕೇಳ್ಕೊಂಡ್ರಿ? ನಂಗೂ ಹೇಳ್ಕೊಡಿ."

ಅಕ್ಕ ಕೈಚಾಚಿ ಮಗುವನ್ನು ತೆಗೆದುಕೊಳ್ಳಲು ಹೋದಳು. ಮಗು ರೂಪಳ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಬಿಡಿಸಲು ಅಕ್ಕ ನನ್ನನ್ನು ಕರೆದಳು. ಅಷ್ಟು ಪುಟ್ಟ ಬೆರಳುಗಳು... ಒಂದೊಂದಾಗಿ ಬಿಡಿಸಬೇಕಾಯಿತು.