ಆ ಮನೆಯಲ್ಲಿ ಆ ಹೆಸರು

ಹುಣಸೂರಿನ ಕಾಲೇಜೊಂದರಲ್ಲಿ ನಾನು ಆರ್ ಕಲಿಸುತ್ತೇನೆ. ಅಂಕಿಅಂಶಗಳ ಲೆಕ್ಕಕ್ಕೆಂದೇ ಇರುವ ಕಂಪ್ಯೂಟರ್ ಭಾಷೆ ಅದು. ಲೆಕ್ಕದಲ್ಲಿ ಬಳಸುವ ಅಂಕಿಗಳಿಗೆ ಹೆಸರಿಡಲು ನನ್ನ ವಿದ್ಯಾರ್ಥಿಗಳಿಗೆ ಸೋಮಾರಿತನ. ಮಳೆಗೂ ಎಕ್ಸ್, ಹೊಗೆಸೊಪ್ಪಿನ ತೂಕಕ್ಕೂ ಎಕ್ಸ್. ಬೈದು ಬೈದು ನನ್ನ ಗಂಟಲು ಒಣಗಿದೆ.

ಫಂಕ್ಷನ್ನಿನ, ಅಂದರೆ ಪ್ರೋಗ್ರಾಮಿನೊಳಗಿನ ಪುಟ್ಟ ಪ್ರೋಗ್ರಾಮಿನ, ಒಳಗೊಂದು ಎಕ್ಸ್ ಇದ್ದರೆ ಆರ್ ಅದನ್ನೇ ಹಿಡಿಯುತ್ತದೆ, ಹೊರಗಿನ ಎಕ್ಸ್ ಅಲ್ಲಿ ಇದ್ದೂ ಇಲ್ಲದಂತೆ ಎಂದು ಒಂದು ದಿನ ಹೇಳುತ್ತಿದ್ದೆ. ರಾವಂದೂರು ಕಡೆಗೆ ಮದುವೆಯಾಗಿ ಹೋಗಿದ್ದ ಹುಡುಗಿಯೊಬ್ಬಳು, "ನಮ್ಮನೇಲೂ ಅಂಗೇಯ ಮಿಸ್" ಅಂದಳು. ಅವಳದೂ ಅವಳ ಅತ್ತೆಯದೂ ಒಂದೇ ಹೆಸರು. ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಗದರುವುದು ಹೇಗೆ? ಮನೆ ತುಂಬಿಸಿಕೊಂಡ ದಿನವೇ ಇವಳಿಗೆ ಬೇರೆ ಹೆಸರಿಟ್ಟರಂತೆ. ಕ್ಲಾಸು ನಕ್ಕಿತು, ನಾನೂ ನಕ್ಕೆ. ಏನು ಹೆಸರಮ್ಮ ಅಂದರೆ ಮಾತ್ರ ತಲೆ ತಗ್ಗಿಸಿದಳು.

ಚುರುಕು ಹುಡುಗಿ. ಈ ಸಲ ಪಾಸಾಗದಿದ್ದರೆ ಓದು ಸಾಕು ಎಂದು ಗಂಡನ ಮನೆಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಹೊಗೆಸೊಪ್ಪು ಕೀಳುವ ಕಾಲಕ್ಕೆ ಅವಳು ರಜೆ ಹಾಕಿದಳು. ಅಷ್ಟರಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಗೊತ್ತುಮಾಡಿದ್ದ ತಾರೀಖಿಗಿಂತ ಮೊದಲೇ, ಮಾರನೆಯ ದಿನಕ್ಕೇ ಬಂತು. ಅವಳ ಫೋನು ಸ್ವಿಚ್ ಆಫ್. ಅವಳ ಪಕ್ಕದ ಊರಿನವನಾದ ನಮ್ಮ ಅಟೆಂಡರ್ ಕೈಲಿ ಹೇಳಿಕಳಿಸಿದೆ. ನನಗೆ ಗೊತ್ತಿದ್ದ ಹೆಸರು ಕಾಲೇಜಿನದು ಒಂದೇ. ಅದನ್ನೇ ಕೊಟ್ಟೆ.

ಸಂಜೆ ಅವನೇ ಫೋನ್ ಮಾಡಿದ. "ಬಾಗ್ಲಲ್ಲಿ ನಿಂತು ಎಸ್ರಿಡಿದು ಕೂಗ್ದೆ ಮೇಡಂ. ಆ ಎಸ್ರಿನ ಅಮ್ಮಾರೇ ಬಂದ್ರು. ನಾಳೇನೇ ಪರೀಕ್ಷೆ ಅಂತ ಏಳಿದೀನಿ. ಆಯ್ತು ಓಗಪ್ಪ ಅಂದ್ರು."

"ವಯಸ್ಸೆಷ್ಟು ಅವರಿಗೆ?"

"ಐವತ್ತಿರಬೌದು ಕಣ್ರಮ್ಮ."

ಹಾಗಾದರೆ ಬಂದದ್ದು ಅವಳ ಅತ್ತೆ. ಹೇಗೂ ಸೊಸೆಗೆ ಹೇಳಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಮಾರನೆಯ ದಿನ ಅವಳು ಬರಲಿಲ್ಲ. ಹಳೆಯ ತಾರೀಖಿಗೆ ಸರಿಯಾಗಿ, ಬೆರಳಿಗಂಟಿದ ಸೊಪ್ಪಿನ ಕಪ್ಪು ಅಂಟಿನೊಂದಿಗೇ, ಹಾಲ್ ಟಿಕೆಟ್ ಹಿಡಿದು ಬಂದಳು. ಲ್ಯಾಬಿಗೆ ಬೀಗ ಹಾಕಿತ್ತು. ನನಗೆ ಅವಳ ಅತ್ತೆಯ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅದನ್ನು ಈ ಹುಡುಗಿಯ ಮೇಲೇ ಕಾರಿಬಿಟ್ಟೆ. ಅಟೆಂಡರ್ ಬಾಗಿಲಲ್ಲೇ ಹೆಸರು ಹಿಡಿದು ಕೂಗಿದ್ದಾನಲ್ಲ, ನಿನಗೆ ಕೇಳಿಸಲಿಲ್ಲವಾ ಅಂದೆ.

"ಕೇಳಿಸ್ತು ಮಿಸ್. ಮನೆ ಇಂದ್ಗಡೆ ಸೊಪ್ಪು ಕಟ್ತಾ ಕೂತಿದ್ದೆ. ಆ ಮನೇಲಿ ಯಾರಾದ್ರೂ ಆ ಎಸ್ರು ಕೂಗಿದ್ರೆ, ನನ್ನ ಅಂತ ಅನ್ಸೋದೇ ಇಲ್ಲ ಈಗ."