ಕೆನ್ನೆಗೆ ಹಚ್ಚಿ ನೋಡಿದ ಅಂಚು

ಆಕ್ರಿಲಿಕ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಮಷೀನಿಗೆ ಕೊಟ್ಟು ಅಕ್ಷರ ಕೊರೆಸುವುದು ಯಾರಿಗಾದರೂ ಬರುತ್ತದೆ. ಅಂಚು ಸ್ವಚ್ಛವಾಗಿ ಬರುವಂತೆ ಮಾಡುವುದು ಬೇರೆ ಮಾತು. ಜಂಬ ಅಂದರೆ ಅನ್ನಿ, ಬೆಟಗೇರಿಯ ನಮ್ಮ ಅಂಗಡಿಯಲ್ಲಿ ಅದು ನನ್ನ ಕೈಯಿಂದ ಬರುತ್ತಿತ್ತು.

ಅಂಗಡಿ ಇಬ್ಬರದು: ನನ್ನದು, ಮತ್ತು ಒಂದೇ ಓಣಿಯಲ್ಲಿ ಕೂಡಿ ಬೆಳೆದ ನನ್ನ ದೋಸ್ತನದು. ಗದಗ ಜಿಲ್ಲೆಯಾದ ಮೇಲೆ ಊರ ತುಂಬ ಬೋರ್ಡುಗಳಾದವು. ನಾವು ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಮಷೀನು ತರುವ ಹೊತ್ತಿಗೆ ಬಣ್ಣ ಬಳಿದ ಬೋರ್ಡು ಹೋಗಿ, ದೀಪ ಹತ್ತುವ ಪ್ಲಾಸ್ಟಿಕ್ ಅಕ್ಷರ ಬಂದಿದ್ದವು. ನಮ್ಮದು ನೇಕಾರರ ಮನೆ. ಅಪ್ಪ ಸೀರೆಯ ಅಂಚನ್ನು ಕೆನ್ನೆಗೆ ಹಚ್ಚಿ ನೋಡುತ್ತಿದ್ದ. ಕಣ್ಣಿಗೆ ಕಾಣದ ಗಂಟು ಕೆನ್ನೆಗೆ ಸಿಗುತ್ತದೆ ಎನ್ನುತ್ತಿದ್ದ. ನಾನೂ ಕೊರೆದ ಪ್ರತಿ ಅಕ್ಷರವನ್ನು ಹಾಗೆಯೇ ನೋಡುತ್ತಿದ್ದೆ. ಗಿರಾಕಿಗಳು ನಗುತ್ತಿದ್ದರು. ನಗಲಿ.

ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಪ್ಲಾಸ್ಟಿಕ್ ಕೊರೆಯುವ ಬಿಟ್, ಅಂದರೆ ಮಷೀನಿನ ತಿರುಗುವ ಅಲಗು, ಕಟ್ಟಿಗೆ ಮುಟ್ಟಬಾರದು. ಪ್ಲೈವುಡ್ಡಿನ ಅಂಟು ಅದನ್ನು ಮೊಂಡು ಮಾಡುತ್ತದೆ. ಮೊಂಡಾದ ಬಿಟ್ ಕೊರೆಯುವುದಿಲ್ಲ, ಉಜ್ಜುತ್ತದೆ. ಪ್ಲಾಸ್ಟಿಕ್ ಕಾದು ಬೆಲ್ಲದ ಪಾಕದಂತಾಗಿ ಅಂಚಿಗೇ ಮೆತ್ತಿಕೊಳ್ಳುತ್ತದೆ. ಬಿಟ್‌ಗಳ ಡಬ್ಬಿ ದೋಸ್ತನ ಸುಪರ್ದಿಯಲ್ಲಿತ್ತು.

ಅಪ್ಪನ ಸೀರೆಗಳನ್ನು ಕೊಳ್ಳುತ್ತಿದ್ದ ಲಕ್ಷ್ಮೇಶ್ವರದ ಸಾಹೇಬರು ತಮ್ಮ ಹೊಸ ಬಟ್ಟೆ ಅಂಗಡಿಗೆ ಅಕ್ಷರ ಮಾಡಿಕೊಡಲು ಹೇಳಿದರು. ಬೆಳಕು ಅಂಚಿನಿಂದಲೇ ಹೊಳೆಯಬೇಕು. ಅವರ ಅಂಗಡಿ ನೋಡಿ ಪಕ್ಕದ ಶಿಗ್ಲಿ ಊರಿನ ಅಂಗಡಿಯವರೂ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆಂದು ನಾನು ಹಿಗ್ಗಿದ್ದೆ. ಕೊರೆದರೆ ಅಂಚೆಲ್ಲ ಬೆಳ್ಳಗೆ, ತರಿ ತರಿ. ಮತ್ತೆ ಕೊರೆದೆ, ಇನ್ನೂ ಕೆಟ್ಟಿತು. ಬಿಟ್ ಹೊಸದೇನಾ ಎಂದು ದೋಸ್ತನನ್ನು ಕೇಳಿದೆ. ಹೊಸದೇ ಎಂದ. ಅವನೇ ಹೇಳಿದ ಮೇಲೆ ಬಿಚ್ಚಿ ನೋಡುವುದೇನಿದೆ? ನನಗೆ ತಲೆ ಚಿಟ್ಟು ಹಿಡಿಯಿತು.

ಆಗ ಅವನು ಬಹಳ ಮೆತ್ತಗೆ ಹೇಳಿದ: "ಒಮ್ಮೆ ಕಣ್ಣ ತೋರಿಸ್ಕೊಂಡು ಬಾ ಲೇ. ನಿಮ್ಮಪ್ಪಗೂ ಹಿಂಗ ಸುರು ಆಗಿತ್ತು."

ಅಪ್ಪ ಕಣ್ಣು ಕಳೆದುಕೊಂಡದ್ದು ಮಗ್ಗದ ಮುಂದೆಯೇ. ಕೊನೆಗೆ ಅವನಿಗೆ ಕೆನ್ನೆಯೊಂದೇ ಉಳಿದಿತ್ತು. ನನ್ನ ಕಣ್ಣೂ ಹೋದರೆ ಮಷೀನಿನ ಮುಂದೆ ನನಗೇನು ಕೆಲಸ? ಹೆದರಿ ಮಷೀನಿನ ಓಟ ನಿಧಾನ ಮಾಡಿದೆ. ಮಗ್ಗದ ಮನೆಯ ಬುದ್ಧಿ ಅದು, ಕೆಲಸ ಕೆಟ್ಟರೆ ಕೈ ನಿಧಾನ ಮಾಡುವುದು. ಪ್ಲಾಸ್ಟಿಕ್ಕಿಗೆ ಅದು ಪೂರಾ ಉಲ್ಟಾ. ಬಿಟ್ ಒಂದೆಡೆ ನಿಂತಷ್ಟೂ ಪ್ಲಾಸ್ಟಿಕ್ ಬಿಸಿಯಾಗುತ್ತದೆ. ನನಗೆ ಗೊತ್ತಿದ್ದ ಮಾತೇ, ಹೆದರಿಕೆಯಲ್ಲಿ ಮರೆತೆ. ದೋಸ್ತನಿಗೂ ಗೊತ್ತಿತ್ತು. ಹಾಳೆಗಳು ಒಂದೊಂದೇ ಕೆಡುವುದನ್ನು ಅವನು ಪಕ್ಕದಲ್ಲಿ ನಿಂತು ನೋಡಿದ.

ಗದಗಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಏನೂ ಆಗಿಲ್ಲ, ಚಷ್ಮಾ ಸಹಿತ ಬೇಡ ಎಂದರು. ದಾರಿಯಲ್ಲಿ ಅವನಿಗಿಷ್ಟವೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು ಅಂಗಡಿಗೆ ಓಡಿಬಂದೆ. ಕಣ್ಣು ಚೊಲೋ ಇವೆಯಂತೆ ಎಂದು ಬಾಗಿಲಲ್ಲೇ ಹೇಳಿದೆ. ಅವನು ಹಿಗ್ಗಲಿಲ್ಲ. ಬಿಟ್‌ಗಳ ಡಬ್ಬಿಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

ಮಷೀನಿನಿಂದ ಬಿಟ್ ಬಿಚ್ಚಿದೆ. ಅದರ ಸಂದಿಯಲ್ಲಿ ಕಂದು ಅಂಟು, ಕಟ್ಟಿಗೆಯ ಪುಡಿ. ನಾನು ಅಂಗಡಿಗೆ ಆರ್ಡರು ಹಿಡಿಯಲು ಶಿರಹಟ್ಟಿ, ಮುಂಡರಗಿ ಅಲೆಯುತ್ತಿದ್ದ ದಿನಗಳಲ್ಲಿ ಅವನು ಅದೇ ಬಿಟ್ಟಿನಿಂದ ತನ್ನ ಗಿರಾಕಿಗಳಿಗೆ ಪ್ಲೈವುಡ್ ಕೊರೆದುಕೊಟ್ಟಿದ್ದ. ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಅಪ್ಪನ ಕಣ್ಣನ್ನು ಯಾಕೆ ನಡುವೆ ಎಳೆದು ತಂದೆ ಎಂದು ಅವನನ್ನು ಕೇಳಿದೆ.

"ಬಿಟ್ಟಿನ ಮಾತು ಹೇಳಿದ್ರ ತಪ್ಪು ನಂದಾಗ್ತಿತ್ತು," ಎಂದ. "ಕಣ್ಣಂದ್ರ ಯಾರ ತಪ್ಪೂ ಅಲ್ಲ ನೋಡು."

ಭಜಿಯ ಪೊಟ್ಟಣ ಅಲ್ಲೇ ಬಿಟ್ಟು ಹೊರಬಿದ್ದೆ. ಮರುದಿನ ಹೊಸ ಬಿಟ್ ಹಾಕಿ, ಮೊದಲಿನ ಓಟಕ್ಕೇ ಬಿಟ್ಟೆ. ಅಂಚು ಕೆನ್ನೆಗೆ ನೀರು ತಾಕಿದಂತೆ ನುಣ್ಣಗಿತ್ತು. ಅಕ್ಷರಗಳನ್ನು ನಾನೇ ಹೊತ್ತುಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ, ಸಾಹೇಬರ ಮುಂದೆಯೇ ಬೆಳಕಿಗೆ ಹಿಡಿದು ತೋರಿಸಬೇಕೆಂದು.

ಕೆಲಸ ಯಾಕೆ ತಡವಾಯಿತೆಂದು ದೋಸ್ತ ಅವರಿಗೆ ಆಗಲೇ ಫೋನು ಮಾಡಿ ತಿಳಿಸಿದ್ದ. ಸಾಹೇಬರು ಅಂಗಡಿಯಿಂದ ಇಳಿದು ಬಂದರು. ಅಕ್ಷರಗಳನ್ನು ನೋಡಲೇ ಇಲ್ಲ. ನನ್ನ ಕಣ್ಣುಗಳನ್ನೇ ನೋಡುತ್ತ ಮೊಣಕೈ ಹಿಡಿದುಕೊಂಡರು.

"ಸಾವಕಾಶ ಬಾ ತಮ್ಮಾ," ಅಂದರು, "ಇಲ್ಲಿ ಮೆಟ್ಲ ಅದಾವ."