ಸಾಬೀರನ ಓಬೋ

ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಮನೆಯ ಸಾಬೀರ್, ಬಿಡದಿ ಕಾರ್ಖಾನೆಯವರಿಂದ ತುಂಬಿದ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗಿ ಕ್ಲಾರಿನೆಟ್ ಕಲಿಯುತ್ತಿದ್ದ. ಅಲ್ಲಿನ ಪಾಶ್ಚಾತ್ಯ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುವವರೇ ಇರಲಿಲ್ಲ. ಮೇಷ್ಟ್ರು ಹಳೆಯದೊಂದನ್ನು ಇವನ ಕೈಗಿತ್ತು, "ಇನ್ನು ಇದೇ ನಿನ್ನದು" ಎಂದುಬಿಟ್ಟರು.

ಬಾಯಿಗಿಟ್ಟು ಊದುವ ಅದರ ಪೀಪಿ ಕ್ಲಾರಿನೆಟ್ಟಿನದಕ್ಕಿಂತ ಬೇರೆ ತರಹದ್ದು. ಬೆತ್ತದಂಥ ಎರಡು ತೆಳು ಸೀಳುಗಳನ್ನು ಜೋಡಿಸಿ ದಾರದಿಂದ ಬಿಗಿದದ್ದು. ಊದುವ ಮೊದಲು ಅದನ್ನು ನೀರಲ್ಲಿ ನೆನೆಸಬೇಕಿತ್ತು.

ಆ ಮನೆಯಲ್ಲಿ ನೆನೆಸುವುದೆಂದರೆ ಗೂಡು ಬೇಯಿಸುವ ಕುದಿನೀರು. ಸಾಬೀರ್ ಏನೂ ಯೋಚಿಸದೆ ಪೀಪಿಯನ್ನು ಗೂಡುಗಳ ಜೊತೆಗೇ ಹಾಕಿದ. ತೆಗೆದಾಗ ಹುಳದ ನಾತ ಹೊಡೆಯುತ್ತಿತ್ತು, ದಾರ ಸಡಿಲವಾಗಿ ಸೀಳುಗಳು ಬಾಯಿ ಬಿಟ್ಟಿದ್ದವು.

ವರ್ಷಗಳಿಂದ ಅಲ್ಲೇ ಬೆಂದ ಗೂಡಿನ ಎಳೆಯ ತುದಿ ಹುಡುಕಿ ನೂಲು ತೆಗೆಯುತ್ತಿದ್ದ ವೆಂಕಟಲಕ್ಷ್ಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದೇನ್ ಗೂಡೇನಪ್ಪ, ಬೇಯಾಕ್ಬುಟ್ಟಿದ್ದೀಯ? ತತ್ತಾ ಇಲ್ಲಿ." ಹಸಿ ರೇಷ್ಮೆಯನ್ನು ಒಸಿ ಹೊಸೆದು, ಹಲ್ಲಲ್ಲಿ ಕಚ್ಚಿ ಎಳೆದು, ಪೀಪಿಗೆ ಬಿಗಿಯಾಗಿ ಸುತ್ತಿಕೊಟ್ಟರು. ಸಾಬೀರ್ ಊದಿದ. ಬಾತುಕೋಳಿ ಕೂಗಿದಂತಾಯಿತು. "ಇದ್ಕಾ ಅಷ್ಟ್ ದೂರ ಓಯ್ತಿದ್ದೀಯ?" ಎಂದು ಗೊಣಗುತ್ತ ಅವರು ಕೆಲಸಕ್ಕೆ ಕೂತರು.

ಮರುವರ್ಷ ಸಾಬೀರನ ಮೊದಲ ಸಂಗೀತ ಕಛೇರಿಗೆ ಅವನ ತಾಯಿ ರೋಶನ್ ಬೀ, ವೆಂಕಟಲಕ್ಷ್ಮಮ್ಮನವರನ್ನೂ ಕರೆದುಕೊಂಡು ಹೋದರು. ವೇದಿಕೆಯ ಮೇಲೆ ಎಲ್ಲರೂ ಸುಮ್ಮನಾದರು. ಸಾಬೀರ್ ಒಬ್ಬನೇ ಒಂದು ಸ್ವರ ಹಿಡಿದು ನಿಲ್ಲಿಸಿದ. ಇಂಥ ವೃಂದದಲ್ಲಿ ಶ್ರುತಿ ಕೊಡುವುದು ಓಬೋದ ಕೆಲಸ; ಅದಕ್ಕೆ ಒಂದೊಂದೇ ವಾದ್ಯ ಶ್ರುತಿ ಸೇರಿಸುತ್ತಾ ಬಂತು.

ವೆಂಕಟಲಕ್ಷ್ಮಮ್ಮ ರೋಶನ್ ಬೀಯ ಕೈ ಅದುಮಿದರು. "ಎಳೆ ಸಿಕ್ತು ಕಣಮ್ಮ. ಇನ್ನು ನೂಲು ತಾನಾಗೇ ಬತ್ತದೆ."